ಕಟ್ಟಿ ಸಾಹೇಬರ ವಾಚನ

೧೯೮೩ರಲ್ಲಿ, ಎಂಟನೆಯ ಇಯತ್ತೆಯ ನಡುವೆ, ನಾನು ಶಾಲೆ ಬಿಟ್ಟೆ. ಫೇಲಾಗಿ ಬಿಟ್ಟದ್ದಲ್ಲ, ಗಣಿತದಲ್ಲಿ ವರ್ಗಕ್ಕೆ ಎರಡನೆಯವನಿದ್ದೆ. ಇದನ್ನು ಮೊದಲೇ ಹೇಳಿಬಿಡುವುದು ನನ್ನ ರೂಢಿ, ಯಾಕೆಂದರೆ ಶಾಲೆ ಬಿಟ್ಟವನು ಅಂದ ಕೂಡಲೇ ಜನ ದಡ್ಡ ಅಂದುಕೊಳ್ಳುತ್ತಾರೆ. ಅಪ್ಪ ಶಹಾಪುರದ ಕಡೆಯಿಂದ ಪುಣೆಗೆ ಗೌಂಡಿ ಕೆಲಸಕ್ಕೆ ಬಂದ, ಭೋಸರಿಯಲ್ಲಿ ತಗಡಿನ ಮನೆ ಹಾಕಿದ, ಹಿಂದೆಯೇ ನಾವೂ ಬಂದೆವು. ಇಲ್ಲಿಯ ಶಾಲೆ ಮರಾಠಿಯದು. ನನಗೆ ಮರಾಠಿ ಬರುವಷ್ಟರಲ್ಲಿ ನಾನು ಛಾಪಖಾನೆಯೊಂದರಲ್ಲಿ ಬೈಂಡಿಂಗ್ ಕಲಿತಾಗಿತ್ತು.

ಹೀಗೆ ಶಾಲೆ ಬಿಟ್ಟವನೊಬ್ಬನನ್ನು ಎದುರಿಗೆ ಕೂಡಿಸಿಕೊಂಡು, ಕಂಪನಿಗಳ ನೂರು ಪುಟದ ಇಂಗ್ಲಿಷ್ ಪುಸ್ತಕಗಳನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿ, ಒಂದೊಂದು ಸಾಲಿಗೂ ಕನ್ನಡದಲ್ಲಿ ಅರ್ಥ ಹೇಳುತ್ತಿದ್ದ ಮನುಷ್ಯ ಒಬ್ಬರಿದ್ದರು. ಶ್ರೀಪಾದರಾವ್ ಕಟ್ಟಿ. ಸದಾಶಿವ ಪೇಠದ ಒಂದು ಹಳೆಯ ವಾಡೆಯ ಮಹಡಿಯ ಮೇಲೆ, ಎರಡು ಕೋಣೆಗಳಲ್ಲಿ, ಅವರ ಬ್ಯಾಂಕು ಇತ್ತು. ಬ್ಯಾಂಕು ಅಂದರೆ ಪಾಸ್‌ಬುಕ್ಕಿನ ಬ್ಯಾಂಕಲ್ಲ. ಕಾರಖಾನೆ ಬೆಳೆಸಬೇಕು ಅನ್ನುವ ಮಾಲಕರಿಗೆ ಜನರಿಂದ ಬಂಡವಾಳ ಎತ್ತಿ ಕೊಡುವ ಬ್ಯಾಂಕು. ಆಗ ಅದಕ್ಕೆ ಮರ್ಚಂಟ್ ಬ್ಯಾಂಕ್ ಅನ್ನುತ್ತಿದ್ದರು. ಕಂಪನಿ ಜನರ ಮುಂದೆ ಶೇರು ಇಡುವ ಮೊದಲು ತನ್ನ ಒಳಗು ಹೊರಗು ಎಲ್ಲ ಬರೆದು ಒಂದು ಪುಸ್ತಕ ಅಚ್ಚು ಹಾಕಿಸಬೇಕು. ಅದು ಪ್ರಾಸ್ಪೆಕ್ಟಸ್. ಅದರಲ್ಲಿ ಇದ್ದದ್ದೆಲ್ಲ ನಾವು ನೋಡಿದ್ದೇವೆ, ಸರಿ ಇದೆ ಎಂದು ಕಟ್ಟಿ ಸಾಹೇಬರು ಒಂದು ಪತ್ರಕ್ಕೆ ಸಹಿ ಹಾಕಬೇಕು. ಆ ಸಹಿಗೆ ಮುಂಚಿನ ದಿನ ವಾಚನ.

ವಾಡೆಯ ಒಡತಿ ಕೆಳಗೆ ಇರುತ್ತಿದ್ದರು, ಎಂಬತ್ತರ ಆಜಿ. ಮೇಲಿಂದ ದಿನವಿಡೀ ಒಂದೇ ಸಮನೆ ಏರಿಳಿತದ ದನಿ ಕೇಳಿ, ಈ ಕಾನಡಿ ಜನ ಯಾವುದೋ ಪೋಥಿ ಪಾರಾಯಣ ಹಿಡಿದಿದ್ದಾರೆ ಎಂದು ನಂಬಿದ್ದರು. ಒಮ್ಮೆ ಮೆಟ್ಟಿಲ ಮೇಲೆ ತೆಂಗಿನಕಾಯಿ, ಎರಡು ಬಾಳೆಹಣ್ಣು ಇಟ್ಟು ಹೋಗಿದ್ದರು. ಸಾಹೇಬರು ಹಣ್ಣು ಸುಲಿದು ನನಗೊಂದು ಕೊಟ್ಟರು. "ತಿನ್ನಪಾ ಶರಣಪ್ಪ. ಬ್ಯಾಲೆನ್ಸ್ ಶೀಟಿಗೆ ನೈವೇದ್ಯ ಬಂದದ್ದು ಹಿಂದುಸ್ತಾನದಾಗ ಇದೇ ಮೊದಲು."

ನಾನು ಅವರಲ್ಲಿ ಸೇರಿದ್ದು ೧೯೯೨ರಲ್ಲಿ, ಇಪ್ಪತ್ಮೂರರ ವಯಸ್ಸಿಗೆ. ಛಾಪಖಾನೆಯಿಂದ ಪ್ರೂಫ್ ಕಟ್ಟು ಹೊತ್ತು ಅವರ ಆಫೀಸಿಗೆ ಹೋಗುತ್ತಿದ್ದೆ. ಒಂದು ದಿನ ಕಟ್ಟು ಇಟ್ಟು ತಿರುಗುವಾಗ ಹೇಳಿದೆ, "ಸಾಹೇಬ್ರ, ನಲವತ್ತೊಂದನೇ ಪುಟದಾಗಿನ ಬೇರೀಜು ತಪ್ಪದರಿ." ಅವರು ಕನ್ನಡಕದ ಮೇಲಿಂದ ನೋಡಿದರು. ಕೂಡಿಸಿದರು. ತಪ್ಪಿತ್ತು.

"ಇಂಗ್ಲಿಷ್ ಬರ್ತದೇನು?"

"ಇಲ್ಲರಿ. ಅಂಕಿ ಬರ್ತಾವ."

"ಎಷ್ಟರ ತನಕಾ ಓದೀದಿ?"

"ಎಂಟನೇತ್ತಾ. ಅರ್ಧಾ. ಫೇಲಾಗಿಲ್ಲರಿ."

"ನಾ ಕೇಳಿಲ್ಲಲ್ಲೋ ಅದನ್ನ," ಅಂದರು. ಮುಂದಿನ ತಿಂಗಳಿಂದ ನಾನು ಅಲ್ಲಿ ನೌಕರ.

ನಾವು ನಾಲ್ಕೇ ಜನ. ಸಾಹೇಬರು, ಲೆಕ್ಕ ನೋಡುವ ಒಬ್ಬರು, ಟೈಪಿಸ್ಟ್ ಬಾಯಿ, ನಾನು. ನನ್ನ ಕೆಲಸ ಇಂಥದ್ದು ಅಂತ ಇರಲಿಲ್ಲ. ಬೆಳಿಗ್ಗೆ ಕಸ ಹೊಡೆಯುವುದೂ ನಾನೇ, ಹನ್ನೊಂದಕ್ಕೆ ಯಾವುದೋ ಕಂಪನಿಯ ಚೇರಮನ್ನರ ಪಕ್ಕ ಕೂತು ಕಾರಖಾನೆಗೆ ಹೋಗುವುದೂ ನಾನೇ. ಕಾರಖಾನೆಗೆ ಹೋದರೆ ಸಾಹೇಬರು ಮಾಲಕರ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು, ನನ್ನನ್ನು ಕಾಮಗಾರರ ಕ್ಯಾಂಟೀನಿಗೆ ಕಳಿಸುತ್ತಿದ್ದರು. ಹಿಂದಿರುಗುವಾಗ ಸ್ಕೂಟರಿನ ಮೇಲೆ ಇಬ್ಬರೂ ಕೇಳಿದ್ದನ್ನು ತಾಳೆ ನೋಡುತ್ತಿದ್ದೆವು. ಪಗಾರ ಒಂದನೆಯ ತಾರೀಖಿಗೆ ಬಂದದ್ದು ಕಡಿಮೆ. ಐದಕ್ಕೆ, ಒಮ್ಮೊಮ್ಮೆ ಹನ್ನೆರಡಕ್ಕೆ. ತಡವಾದ ದಿನ ಅವರೇ ಬಂದು ಟೇಬಲ್ಲಿನ ಎದುರು ನಿಂತು ಹೇಳುತ್ತಿದ್ದರು, ಚೀಟಿ ಕಳಿಸುತ್ತಿರಲಿಲ್ಲ.

ಸಾಹೇಬರು ಬಾಗಲಕೋಟೆಯ ಕಡೆಯವರು. ಮುಂಬಯಿಯ ದೊಡ್ಡ ಬ್ಯಾಂಕೊಂದರಲ್ಲಿ ಹದಿನಾಲ್ಕು ವರ್ಷ ಇದ್ದು ಬಿಟ್ಟು ಬಂದಿದ್ದರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಒಂದೇ ಉತ್ತರ: "ಅಲ್ಲಿ ನನ್ನ ಸಹಿ ಹದಿನೇಳನೇದು ಇತ್ತಪಾ. ಮೊದಲನೇದಾಂವ ಹಿಂದಿನ ಹದಿನಾರು ಮಂದಿ ನೋಡ್ಕೋತಾರ ಅಂತ ಹಾಕ್ತಿದ್ದ. ನಾನು ಮುಂದಿನ ಹದಿನಾರು ಮಂದಿ ನೋಡ್ಯಾರ ಅಂತ ಹಾಕ್ತಿದ್ದೆ." ಇಲ್ಲಿ ಸಹಿ ಒಂದೇ. ಹಾಗಾಗಿ ಅದನ್ನು ಹಾಕುವ ಮೊದಲು ಎಡಗೈಯ ಗಡಿಯಾರ ಬಿಚ್ಚಿ ಡ್ರಾವರಿನಲ್ಲಿ ಇಡುತ್ತಿದ್ದರು. ಅವಸರ ಇಲ್ಲ ಅಂತ ಕೈಗೆ ತಿಳಿಯಬೇಕಂತೆ.

ವಾಚನದ ಪದ್ಧತಿ ಹೀಗೆ. ಟೇಬಲ್ಲಿನ ಆಚೆ ಅವರು, ಈಚೆ ನಾನು, ನನ್ನ ಎರಡೂ ಕೈ ಟೇಬಲ್ಲಿನ ಮೇಲೆ. ಕೈ ಮೇಲೆಯೇ ಇರಬೇಕೆಂದು ಮೊದಲ ದಿನವೇ ಹೇಳಿದ್ದರು. ಒಂದು ಸಾಲು ಇಂಗ್ಲಿಷಿನಲ್ಲಿ ಓದುವರು, ಕನ್ನಡದಲ್ಲಿ ಹೇಳುವರು, "ತಿಳೀತೇನು?" ಎನ್ನುವರು. ತಿಳಿಯಲಿಲ್ಲ ಅಂದರೆ ಇನ್ನೂ ಬಿಡಿಸಿ ಹೇಳುವರು. ಆಗಲೂ ತಿಳಿಯಲಿಲ್ಲ ಅಂದರೆ ಕೆಂಪು ಪೆನ್ಸಿಲ್ಲಿನಿಂದ ಆ ಸಾಲಿಗೆ ಗೆರೆ ಬೀಳುತ್ತಿತ್ತು, ಮಾಲಕರಿಗೆ ಫೋನು ಹೋಗುತ್ತಿತ್ತು. "ಕಾಗದ ತಿಳೀದಿದ್ರ ತಪ್ಪು ಕಾಗದದ್ದು, ಕೇಳಾಂವಂದಲ್ಲ," ಎನ್ನುವುದು ಅವರ ಮಾತು. "ಈ ಶೇರು ತಗೊಳ್ಳಾವ್ರು ಯಾರು? ಪೋಸ್ಟ್‌ಮನ್ನು, ಮಾಸ್ತರು, ನಿನ್ನಂಥಾ ಕಾಮಗಾರರು. ನಿನಗ ತಿಳೀಲಾರದ್ದು ಅವರಿಗೆ ಹೆಂಗ ತಿಳೀತದ?"

ಓದುವಾಗ ಅವರು ನನ್ನ ಮುಖ ನೋಡುತ್ತಿರಲಿಲ್ಲ. ಒಂದು ಕಣ್ಣು ಪುಟದ ಮೇಲೆ, ಇನ್ನೊಂದು ನನ್ನ ಕೈಗಳ ಮೇಲೆ. ಬೈಂಡಿಂಗಿನ ಅಂಟು, ಶಾಯಿ ಉಗುರಿನಲ್ಲಿ ಉಳಿದಿರುತ್ತದೆ, ಅದನ್ನು ನೋಡಿ ಹೇಸಿಕೊಳ್ಳುತ್ತಾರೆ ಅಂದುಕೊಂಡೆ. ಅಂದಿನಿಂದ ವಾಚನಕ್ಕೆ ಮೊದಲು ಕಾರ್ಬಾಲಿಕ್ ಸಾಬೂನಿನಿಂದ ಕೈ ತೊಳೆದುಕೊಂಡೇ ಕೂಡುತ್ತಿದ್ದೆ. ಹಾಗೆ ತೊಳೆದ ಕೈಗಳನ್ನೂ ನೋಡುತ್ತಿದ್ದರು. ಸ್ವಭಾವ ಇರಬೇಕು ಎಂದು ಸುಮ್ಮನಾದೆ.

ಪುಣೆಯ ಹತ್ತಿರದ ಭೋರ್ ಎಂಬ ಊರಿನ ಹಾಲಿನ ಪುಡಿ ಕಂಪನಿಯ ಪುಸ್ತಕ ನಾನು ಕೇಳಿದ ಮೊದಲನೆಯದು. ಅದರಲ್ಲಿ ಒಂದು ಸಾಲು ಬಂತು: ಕಚ್ಚಾ ಮಾಲಿನ ಸಾಮೀಪ್ಯದಿಂದ ಕಂಪನಿಗೆ ಅನುಕೂಲವಿದೆ.

"ಅಂದ್ರ ಏನ್ರಿ?"

"ಹಾಲು ಹತ್ರ ಸಿಗ್ತದ ಅಂತ. ಘಟ್ಟದ ಹಳ್ಳಿಗೋಳಿಂದ ಬರ್ತದ."

"ಮಳಿಗಾಲದಾಗ ಘಟ್ಟದ ರಸ್ತೆ ಮ್ಯಾಲ ಗುಡ್ಡ ಕುಸದು ಬೀಳ್ತಾವಲ್ರಿ. ಆಗ ಹಾಲು ಹೆಂಗ ಬರ್ತದ?"

ಛಾಪಖಾನೆಯ ಶಿವಾಜಿ ಎಂಬವನ ಊರು ಆ ಕಡೆ. ಮಳೆಗಾಲದಲ್ಲಿ ಊರಿಗೆ ಹೋಗಿ ಹತ್ತು ದಿನ ಸಿಕ್ಕಿಬಿದ್ದಿದ್ದ, ಅದಕ್ಕೇ ನನಗೆ ಗೊತ್ತಿತ್ತು. ಸಾಹೇಬರು ಪೆನ್ಸಿಲ್ ಕೆಳಗಿಟ್ಟರು. ಮರುದಿನ ಇಬ್ಬರೂ ಎಸ್‌ಟಿ ಬಸ್ಸು ಹಿಡಿದು ಭೋರಿಗೆ ಹೋದೆವು. ಮಾಲಕರು ಸಜ್ಜನರು, ಆದರೆ ತಕರಾರು ಮಾಡಿದರು: ಇದನ್ನೆಲ್ಲ ಬರೆದರೆ ಶೇರು ಯಾರು ಕೊಳ್ಳುತ್ತಾರೆ? ಸಾಹೇಬರು ಹೇಳಿದರು, "ಬರೀದಿದ್ರ ಮಳಿ ಬರೂದಿಲ್ಲೇನ್ರಿ?" ಮಾಲಕರು ನಕ್ಕು ಒಪ್ಪಿದರು. ಮಳೆಗಾಲದ ಕೆಲವು ವಾರ ಘಟ್ಟದ ರಸ್ತೆ ಬಂದ್ ಆಗಬಹುದು, ಆಗ ಹಾಲಿನ ಪೂರೈಕೆ ಕಡಿಮೆಯಾಗಬಹುದು ಎಂಬ ಒಂದು ವಾಕ್ಯ ಹದಿನಾಲ್ಕನೆಯ ಪುಟದಲ್ಲಿ ಅಚ್ಚಾಯಿತು. ಜನ ಹಾಗಿದ್ದೂ ಕೊಂಡರು. ಎರಡು ಮಳೆಗಾಲ ರಸ್ತೆ ಬಂದ್ ಆಯಿತು, ಯಾರೂ ಬಯ್ಯಲಿಲ್ಲ, ಮೊದಲೇ ಓದಿದ್ದರು.

ಮೊದಲ ಪ್ರತಿ ಬಂದಾಗ ಸಾಹೇಬರು ಆ ಪುಟ ತೆಗೆದು ನನ್ನ ಮುಂದಿಟ್ಟು, "ಇದು ನಿಂದು," ಅಂದರು. ನಾನು ಅದನ್ನು ಮನೆಗೆ ಒಯ್ದು ಅಪ್ಪನಿಗೆ ತೋರಿಸಿದೆ. ಅಪ್ಪನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಸಾಲಿನ ಮೇಲೆ ಬೆರಳಾಡಿಸಿ, "ಎಷ್ಟು ಉದ್ದ ಅದಲೋ," ಅಂದ.

ಅಲ್ಲಿಂದ ನನ್ನ ತಲೆ ಸ್ವಲ್ಪ ಮೇಲಾಯಿತು. ಸುಳ್ಳು ಹೇಳುವುದಿಲ್ಲ. ಇಸ್ತ್ರಿ ಅಂಗಿ ಬಂತು. ಸಾಹೇಬರು ನನಗೊಂದು ವಿಸಿಟಿಂಗ್ ಕಾರ್ಡ್ ಮಾಡಿಸಿಕೊಟ್ಟರು, ಹೆಸರಿನ ಕೆಳಗೆ ‘ಡಾಕ್ಯುಮೆಂಟ್ಸ್’ ಎಂದಿತ್ತು. ನಮ್ಮ ಭೋಸರಿಯ ಗಲ್ಲಿಯಲ್ಲಿ, ಸುರಪುರ, ಶಹಾಪುರ, ಯಾದಗಿರಿ ಕಡೆಯ ಮನೆಗಳಲ್ಲೆಲ್ಲ, ಆ ಕಾರ್ಡ್ ದೇವರ ಫೋಟೋದ ಹಿಂದೆ ಸಿಕ್ಕಿಸಿದ್ದರು. ನೂರು ಮಾಡಿಸಿದ್ದರಲ್ಲಿ ಅರ್ಧ ಅಲ್ಲೇ ಖರ್ಚಾದವು.

೧೯೯೫ರ ಹೊತ್ತಿಗೆ ಗಾಳಿ ಬದಲಾಯಿತು. ಶೇರು ಅಂದರೆ ಮುಗಿಬೀಳುತ್ತಿದ್ದ ಜನ ಹಿಂಜರಿಯತೊಡಗಿದರು. ಮುಂಬಯಿಯ ದೊಡ್ಡ ಬ್ಯಾಂಕುಗಳು ಪುಣೆಗೆ ಬಂದು ನಮ್ಮ ಗಿರಾಕಿಗಳನ್ನು ಪಂಚತಾರಾ ಹೋಟೆಲಿನಲ್ಲಿ ಊಟಕ್ಕೆ ಕರೆಯತೊಡಗಿದವು. ಒಪ್ಪಿಕೊಂಡ ಮೂರು ಕಂಪನಿಗಳು ನಮ್ಮನ್ನು ಬಿಟ್ಟು ಹೋದವು. ಟೈಪಿಸ್ಟ್ ಬಾಯಿಗೆ ಬೇರೆ ಕಡೆ ನೋಡಿಕೋ ಎಂದು ಸಾಹೇಬರು ಹೇಳುವುದನ್ನು ನಾನು ಬಾಗಿಲ ಹೊರಗಿಂದ ಕೇಳಿದೆ. ಅಂಥ ದಿನಗಳಲ್ಲಿ ಭೋಸರಿಯ ಗೇರ್ ಕಾರಖಾನೆಯೊಂದು ಬಂತು. ಇದು ಆದರೆ ಆಫೀಸು ಇನ್ನೆರಡು ವರ್ಷ ನಡೆಯುತ್ತದೆ, ಆಗದಿದ್ದರೆ ದೀಪಾವಳಿಗೆ ಬೀಗ. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ವಾಚನದ ದಿನ ಆ ಕಾರಖಾನೆಯ ಮಾಲಕರು ತಾವೇ ಬಂದು ಕೂತರು. ಹಿಂದೆ ಯಾವ ಮಾಲಕರೂ ಹಾಗೆ ಕೂತಿರಲಿಲ್ಲ. ನಾನು ಕಾರ್ಡ್ ಕೊಟ್ಟೆ. ಅವರು ಅದನ್ನು ಓದಲಿಲ್ಲ. ಚಹಾದ ಕಪ್ಪಿನ ಕೆಳಗೆ, ಟೇಬಲ್ಲಿಗೆ ಕಲೆ ಆಗದಂತೆ, ಇಟ್ಟುಕೊಂಡರು. ಸಾಹೇಬರು ನನ್ನನ್ನು ಎದುರಿಗೆ ಕೂಡಿಸಿಕೊಂಡು ಪುಟ ತೆರೆದಾಗ ಅವರಿಗೆ ನಗು ಬಂತು. ಮರಾಠಿಯಲ್ಲಿ ಹೇಳಿದರು: "ಕಟ್ಟಿ ಸಾಹೇಬ, ಮುಂಬಯಿಯವರು ಹತ್ತು ದಿನದಲ್ಲಿ ಮುಗಿಸಿಕೊಡ್ತೀವಿ ಅಂತಾರೆ. ನಿಮ್ಮಲ್ಲಿ ಶಿಪಾಯಿ ಪಾಸ್ ಮಾಡಿದರೆ ಮಾತ್ರ ನಮ್ಮ ಶೇರು ಇಶ್ಯೂ ಮುಂದೆ ಹೋಗೋದಾ?"

ಸಾಹೇಬರು ಓದತೊಡಗಿದರು. ನನ್ನ ಕಿವಿ ಬಿಸಿಯಾಗಿತ್ತು. ಶಿಪಾಯಿ, ಅಂದರೆ ಆಫೀಸಿನ ಜವಾನ, ಎಂಬ ಮಾತು ತಲೆಯಲ್ಲಿ ಓಡಾಡುತ್ತಿತ್ತು. ಅರ್ಧ ಪುಸ್ತಕ ಆಗಿರಬೇಕು, ಒಂದು ಉದ್ದನೆಯ ಸಾಲು ಬಂತು. ಹೊಸ ಯಂತ್ರ ಬರುವವರೆಗೆ, ಬಳಕೆಯಾಗದೆ ಉಳಿದ ನಿಧಿಯನ್ನು ಸಮೂಹದ ಇತರ ಸಂಸ್ಥೆಗಳಲ್ಲಿ ತಾತ್ಕಾಲಿಕವಾಗಿ ತೊಡಗಿಸಲು ಆಡಳಿತ ಮಂಡಳಿಗೆ ಮುಕ್ತಾಧಿಕಾರ. ಸಾಹೇಬರು ಕನ್ನಡದಲ್ಲಿ ಹೇಳಿದ್ದೂ ಹೀಗೇ ಇತ್ತು, ಪುಸ್ತಕದ ಕನ್ನಡ. ‘ಸಮೂಹದ ಇತರ ಸಂಸ್ಥೆ’ ಅಂದರೆ ಏನು ಎಂದು ನನಗೆ ಹೊಳೆಯಲಿಲ್ಲ.

"ತಿಳೀತೇನು?" ಅಂದರು.

ಮಾಲಕರು ಕಪ್ಪಿನ ಅಂಚಿನಿಂದ ನನ್ನನ್ನು ನೋಡುತ್ತಿದ್ದರು.

"ತಿಳೀತ್ರಿ," ಅಂದೆ.

ಸಾಹೇಬರು ಒಂದು ಗಳಿಗೆ ತಡೆದರು. ಆಮೇಲೆ ಪುಟ ತಿರುವಿದರು. ಮರುದಿನ ಪತ್ರಕ್ಕೆ ಸಹಿ ಹಾಕಿದರು. ಡ್ರಾವರು ತೆರೆಯಲಿಲ್ಲ, ಗಡಿಯಾರ ಕೈಯಲ್ಲೇ ಇತ್ತು. ನಾನು ಅದನ್ನು ಕಂಡೆ, ಮರೆತಿರಬೇಕು ಅಂದುಕೊಂಡೆ.

ಶೇರು ಬಂದಾಗ ನಮ್ಮ ಗಲ್ಲಿಯವರು ಕೊಂಡರು, ಮನೆ ಹತ್ತಿರದ ಕಾರಖಾನೆ ಅಂತ. ಎಲ್ಲರಿಗಿಂತ ಮೊದಲು ನಮ್ಮ ಅಕ್ಕ ಶಾಂತವ್ವ. ಭಾವ ತೀರಿಕೊಂಡ ಮೇಲೆ ಇಟ್ಟಿಗೆ ಹೊತ್ತು ಇಬ್ಬರು ಮಕ್ಕಳನ್ನು ಸಾಕಿದಾಕೆ. "ತಮ್ಮಾ, ಇದು ಚೊಲೋದೇನೋ?" ಎಂದು ಕೇಳಿದಳು. "ನಾನೇ ಕುಂತು ಕೇಳೀನಿ, ಅಕ್ಷರಾ ಅಕ್ಷರಾ," ಅಂದೆ. ಇನ್ನೂರು ಶೇರು ತೆಗೆದುಕೊಂಡಳು.

ಯಂತ್ರ ಬರಲಿಲ್ಲ. ದುಡ್ಡು ಮಾಲಕರ ತಮ್ಮನ ಕಟ್ಟಡದ ಧಂಧೆಗೆ ಹೋಯಿತು, ಅಲ್ಲೇ ಮುಳುಗಿತು. ಎಲ್ಲ ಪುಸ್ತಕದಲ್ಲಿ ಬರೆದ ಪ್ರಕಾರವೇ. ಕಾಯದೆಯಲ್ಲಿ ತಪ್ಪು ಹಿಡಿಯಲು ಬರುವಂತಿರಲಿಲ್ಲ. ೧೯೯೭ರಲ್ಲಿ ಕಾರಖಾನೆಯ ಗೇಟಿಗೆ ಬೀಗ ಬಿತ್ತು. ದಿನಾ ಬೆಳಿಗ್ಗೆ ಆ ಗೇಟಿನ ಮುಂದೆ ಹಾದು ಬಸ್‌ಸ್ಟಾಪಿಗೆ ಹೋಗುತ್ತಿದ್ದೆ.

ಒಂದು ಭಾನುವಾರ ಸಾಹೇಬರು ಸಿಟಿ ಬಸ್ಸಿನಲ್ಲಿ ಭೋಸರಿಗೆ ಬಂದರು. ನಾನು ಕರೆದಿರಲಿಲ್ಲ. ಅಕ್ಕನ ಮನೆ ಯಾವುದು ಎಂದು ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಕೂತರು. ಕಿಸೆಯಿಂದ ಒಂದು ಚೀಟಿ ತೆಗೆದರು. ಆ ಸಾಲನ್ನು ಕನ್ನಡದಲ್ಲಿ ಬರೆದುಕೊಂಡು ಬಂದಿದ್ದರು. ಓದಿದರು: "ಯಂತ್ರಾ ತರೂತನಕಾ ನಿಮ್ಮ ರೊಕ್ಕಾ ನಾ ನನ್ನ ತಮ್ಮಗ ಕೊಟ್ಟಿರ್ತೀನಿ. ಅಂವಾ ಅದರಾಗ ಏನಾರ ಮಾಡ್ಲಿ, ನೀವು ಕೇಳಂಗಿಲ್ಲ."

ಅಕ್ಕ ಸೆರಗು ಬಾಯಿಗೆ ಹಿಡಿದು ಕೇಳಿದಳು. "ಹಿಂಗ ಬರ್ದಿತ್ತೇನ್ರಿ ಅದರಾಗ?"

"ಇದ ಇತ್ತವ್ವಾ. ಬ್ಯಾರೇ ಮಾತಿನಾಗ ಇತ್ತು."

"ಹಿಂಗ ಹೇಳಿದ್ರ ನಾ ಕೊಡ್ತಿದ್ದಿಲ್ಲಲ್ರಿ."

"ಹೌದವ್ವಾ. ಅದನ್ನ ಹೇಳಾಕ ಬಂದೆ. ನಾ ಹೇಳ್ಬೇಕಾಗಿತ್ತು, ಹೇಳ್ಲಿಲ್ಲ. ತಪ್ಪು ನಂದು, ಶರಣಪ್ಪಂದಲ್ಲ."

ನಾನು ಬಾಗಿಲಲ್ಲಿ ನಿಂತಿದ್ದೆ. ತಪ್ಪು ನನ್ನದು, ನಾನು ತಿಳಿಯದೆ ತಿಳಿಯಿತು ಅಂದೆ ಎಂದು ಹೇಳಬೇಕಿತ್ತು. ಅಕ್ಕನ ಮುಂದೆ, ಹೊರಗೆ ಇಣುಕುತ್ತಿದ್ದ ಗಲ್ಲಿಯವರ ಮುಂದೆ, ಅದನ್ನು ಹೇಳಲು ಆಗಲಿಲ್ಲ. ಅಕ್ಕ ಎದ್ದು ಚಹಾ ಇಟ್ಟಳು. "ಇಷ್ಟು ದೂರ ಬಸ್ಸಿನ್ಯಾಗ ಬಂದೀರಿ. ಕುಡೀರಿ," ಅಂದಳು. ಸಾಹೇಬರು ಕುಡಿದರು. ಆ ದಿನ ಅವರು ಇನ್ನೂ ಏಳು ಮನೆಗೆ ಹೋದರು, ಅದೇ ಚೀಟಿ ಓದಿದರು. ಎರಡು ಮನೆಯಲ್ಲಿ ಬೈಸಿಕೊಂಡರು.

ಆ ವರ್ಷವೇ ಆಫೀಸು ಮುಚ್ಚಿತು. ದೊಡ್ಡ ಬಂಡವಾಳ ಇದ್ದವರಷ್ಟೇ ಈ ಕೆಲಸ ಮಾಡಬಹುದು ಎಂದು ಸರಕಾರದ ನಿಯಮವೂ ಬಿಗಿಯಾಗಿತ್ತು. ಸಾಹೇಬರ ಹಳೆಯ ಪರಿಚಯದಿಂದ ನನಗೆ ದೊಡ್ಡ ಬ್ಯಾಂಕೊಂದರ ಪುಣೆ ಶಾಖೆಯಲ್ಲಿ ಕೆಲಸ ಸಿಕ್ಕಿತು. ಹೋಗಲು ಮನಸ್ಸಾಗದೆ ನಿಂತಿದ್ದಾಗ ಅವರೇ ನೂಕಿದರು. "ಹೋಗು. ದೊಡ್ಡ ಮನ್ಯಾಗ ಅಡಿಗಿ ಚೊಲೋ ಇರ್ತದ. ಯಾರ ಕೈ ರುಚಿ ಅಂತ ಗೊತ್ತಾಗೂದಿಲ್ಲ, ಅಷ್ಟ."

ದೊಡ್ಡ ಬ್ಯಾಂಕನ್ನು ಬೈಯಲು ನನಗೆ ಬಾಯಿಲ್ಲ. ಪಗಾರ ಒಂದನೆಯ ತಾರೀಖು ತಪ್ಪಲಿಲ್ಲ. ನನ್ನ ಹೆಂಡತಿಯ ಆಪರೇಶನ್ನಿಗೆ ಆಸ್ಪತ್ರೆಯಲ್ಲಿ ಒಂದು ಕಾರ್ಡ್ ತೋರಿಸಿದೆ, ಅಷ್ಟೇ, ಬಾಕಿ ಎಲ್ಲ ಬ್ಯಾಂಕೇ ನೋಡಿಕೊಂಡಿತು. ಕಟ್ಟಿ ಸಾಹೇಬರ ಹತ್ತಿರ ಇದ್ದಿದ್ದರೆ ಅವರು ಆಸ್ಪತ್ರೆಗೆ ಬಂದು ಪಕ್ಕದಲ್ಲಿ ಕೂಡುತ್ತಿದ್ದರು, ಬಿಲ್ಲು ನಾನೇ ಕಟ್ಟಬೇಕಾಗುತ್ತಿತ್ತು. ಅಲ್ಲಿ ಯಾರೂ ಏರುದನಿಯಲ್ಲಿ ಮಾತಾಡುತ್ತಿರಲಿಲ್ಲ. ಸಂಜೆಯ ವರ್ಗಕ್ಕೆ ಹೋಗಿ ಇಂಗ್ಲಿಷ್ ಕಲಿಯಲು ಬ್ಯಾಂಕೇ ಫೀ ಕೊಟ್ಟಿತು, ಓದಲು ಬಂತು. ರೆಕಾರ್ಡ್ಸ್ ವಿಭಾಗದ ಮುಖ್ಯಸ್ಥನೂ ಆದೆ.

ಆದರೆ ನನ್ನ ಕೆಲಸ ಪೆಟ್ಟಿಗೆಯದು. ಮೊಹರು ಹಾಕಿದ ಪೆಟ್ಟಿಗೆ ಬರುತ್ತಿತ್ತು, ನಂಬರು ಬರೆದು ಇಡುತ್ತಿದ್ದೆ, ಕೇಳಿದಾಗ ತೆಗೆದು ಕೊಡುತ್ತಿದ್ದೆ. ಒಳಗೆ ಏನಿದೆ ಎಂದು ಕೇಳುವುದು ನನ್ನ ವಿಭಾಗದ ಕೆಲಸವಲ್ಲ. ಒಮ್ಮೆ ಲಿಫ್ಟಿನಲ್ಲಿ ಒಬ್ಬ ಹುರುಪಿನ ಹುಡುಗ, ಬೆಂಗಳೂರಿನವನು, ಆಗಷ್ಟೇ ಅಚ್ಚಾದ ಪುಸ್ತಕ ಹಿಡಿದು ನಿಂತಿದ್ದ. ಈ ಕಂಪನಿ ಏನು ಮಾಡುತ್ತದೆ ಎಂದು ಕೇಳಿದೆ. ಅವನು ನಾಚಿಕೊಂಡು, "ಕರೆಕ್ಟಾಗಿ ಗೊತ್ತಿಲ್ಲ ಸರ್, ನಾನು ಟ್ಯಾಕ್ಸ್ ಸೆಕ್ಷನ್ ಮಾತ್ರ ಮಾಡಿದ್ದು, ನಲವತ್ತರಿಂದ ಅರವತ್ತನೇ ಪುಟ," ಅಂದ. ಒಳ್ಳೆಯ ಹುಡುಗ, ರಾತ್ರಿ ಹಗಲು ದುಡಿಯುವವನು. ಅಲ್ಲಿ ಎಲ್ಲರೂ ಕೌದಿಯ ಒಂದೊಂದು ತುಂಡು ಚಂದಾಗಿ ಹೊಲಿಯುತ್ತಿದ್ದರು. ಇಡೀ ಕೌದಿ ಬಿಚ್ಚಿ ಹೊದ್ದು ನೋಡಿದವರು ಯಾರೆಂದು ಹನ್ನೊಂದು ವರ್ಷ ಇದ್ದೂ ನನಗೆ ಗೊತ್ತಾಗಲಿಲ್ಲ. ಅಲ್ಲಿ ನನ್ನನ್ನು ಯಾರೂ ಶಿಪಾಯಿ ಅನ್ನಲಿಲ್ಲ. ತಿಳೀತೇನು ಎಂದೂ ಯಾರೂ ಕೇಳಲಿಲ್ಲ.

ಸಾಹೇಬರು ಸದಾಶಿವ ಪೇಠದಲ್ಲೇ ಒಂದು ಕೋಚಿಂಗ್ ಕ್ಲಾಸಿನಲ್ಲಿ ಅಕೌಂಟೆನ್ಸಿ ಕಲಿಸುತ್ತಿದ್ದರು. ದಸರೆಗೆ ಬನ್ನಿ ಕೊಡಲು ಹೋಗುತ್ತಿದ್ದೆ. ಹುಡುಗರು ಅವರನ್ನು ‘ತಿಳೀತೇನು ಸರ್’ ಅನ್ನುತ್ತಿದ್ದರಂತೆ, ಮರಾಠಿ ಹುಡುಗರೂ.

೨೦೦೬ರಲ್ಲಿ ಅವರ ಮಗಳು ವಿದ್ಯಾ ಫೋನು ಮಾಡಿದಳು. ಅಪ್ಪನಿಗೆ ಹೃದಯದ ಆಪರೇಶನ್, ನಾಳೆ. ಫಾರ್ಮಿಗೆ ಸಹಿ ಹಾಕಲು ಒಲ್ಲೆ ಅನ್ನುತ್ತಾರೆ, ಶರಣಪ್ಪನನ್ನು ಕರೆ ಅನ್ನುತ್ತಾರೆ. ಮಧ್ಯಾಹ್ನ ರಜೆ ಹಾಕಿ ಹೋದೆ. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು, ಬಹಳ ಸಣ್ಣಗಾಗಿದ್ದರು. ಗಡಿಯಾರ ಪಕ್ಕದ ಟೇಬಲ್ಲಿನ ಮೇಲೆ ಬಿಚ್ಚಿಟ್ಟಿತ್ತು.

"ಬಾ. ನನಗ ಕಣ್ಣು ಹಿಡೀವಲ್ವು. ಓದು ಅದನ್ನ."

"ವಿದ್ಯಾ ಓದಿ ಹೇಳ್ಯಾಳಲ್ರಿ?"

"ಆಕಿ ಮಗಳು. ಚೊಲೋ ಚೊಲೋದಷ್ಟ ಓದ್ತಾಳ."

ವಿದ್ಯಾ ನಕ್ಕು ಔಷಧಿ ತರಲು ಕೆಳಗೆ ಹೋದಳು. ನಾನು ಸ್ಟೂಲು ಎಳೆದು ಕೂತೆ. ಒಂದು ಸಾಲು ಇಂಗ್ಲಿಷು, ಒಂದು ಸಾಲು ಕನ್ನಡ. ಪಕ್ಕದ ಹಾಸಿಗೆಯವರು ತಿರುಗಿ ನೋಡತೊಡಗಿದರು. ಎರಡನೆಯ ಪುಟದಲ್ಲಿ, ಅಗತ್ಯ ಕಂಡರೆ ಇತರ ಕ್ರಮ ಕೈಗೊಳ್ಳಲು ಒಪ್ಪಿಗೆ ಇದೆ ಎಂದಿತ್ತು.

"ಇತರ ಅಂದ್ರ ಏನದು?"

ನಾನು ಮತ್ತೆ ಓದಿ ನೋಡಿದೆ. "ನನಗ ತಿಳೀಲಿಲ್ರಿ."

"ಹಾಂ. ಕರಿ ಡಾಕ್ಟರನ್ನ."

ಎಳೆಯ ಡಾಕ್ಟರು ಬಂದು, ಮೊದಲು ಬೇಸರದಿಂದ, ಆಮೇಲೆ ಕೂತು, ಚಿತ್ರ ಬರೆದು ಹೇಳಿದರು. ಸಾಹೇಬರು ಎರಡು ಪ್ರಶ್ನೆ ಕೇಳಿದರು. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿ, "ನೋಡು, ತಿಳೀಲಿಲ್ಲ ಅಂದಿ, ಎಷ್ಟು ಸಲೀಸಾತು," ಅಂದರು.

ಅದನ್ನು ಕೇಳಿ ನಾನು ಫಾರ್ಮನ್ನು ಹಾಸಿಗೆಯ ಮೇಲೆ ಇಟ್ಟೆ. "ಸಾಹೇಬ್ರ, ಆ ಗೇರ್ ಕಾರಖಾನೀದು ಓದಿದ ದಿನ ನನಗ ಆ ಮಾತು ತಿಳಿದಿದ್ದಿಲ್ಲರಿ. ಅಂವಾ ಶಿಪಾಯಿ ಅಂದಿದ್ದ. ಸಿಟ್ಟು ಬಂದಿತ್ತು. ಅದಕ್ಕ ತಿಳೀತು ಅಂದೆ."

"ಗೊತ್ತದಪಾ."

"ಹೆಂಗ್ರಿ?"

"ತಿಳೀದಿದ್ರ ನಿನ್ನ ಹೆಬ್ಬೆಟ್ಟು ಮುಷ್ಟ್ಯಾಗ ಹೋಗ್ತದ. ಮೊದಲನೇ ದಿನದಿಂದ ಹಂಗ. ಭೋರಿನ ಪುಸ್ತಕಕ್ಕ ಇಪ್ಪತ್ತು ಸರ್ತೆ ಹೋಗಿತ್ತು. ಬಾಯಿಲೆ ನೀ ಏನರ ಅನ್ನು, ನಾ ಕೈ ನೋಡ್ತಿದ್ದೆ. ಅವತ್ತೂ ಹೋತು."

ನಾನು ನನ್ನ ಕೈ ನೋಡಿಕೊಂಡೆ. ಹೆಬ್ಬೆಟ್ಟು ಆಗಲೂ ಒಳಗೇ ಇತ್ತು.

"ಮತ್ತ ಯಾಕ ಇನ್ನೊಮ್ಮೆ ಹೇಳಲಿಲ್ರಿ?"

ಅವರು ಕಿಟಕಿಯ ಕಡೆ ನೋಡಿದರು. "ಬಿಡಿಸಿ ಹೇಳಿದ್ರ ನನ್ನ ಕಿವಿಗೂ ಬೀಳ್ತಿತ್ತು. ಅವತ್ತು ನನಗ ಅದು ಕೇಳೂದು ಬ್ಯಾಡಾಗಿತ್ತು, ಶರಣಪ್ಪ. ಆಫೀಸು ಉಳೀಬೇಕಾಗಿತ್ತು. ನೀ ತಿಳೀತು ಅಂದಿ, ನಾ ಅದನ್ನ ಹಿಡ್ಕೊಂಡು ದಾಟಿಬಿಟ್ಟೆ." ನನ್ನ ಕಡೆ ನೋಡಿ ಕೇಳಿದರು, "ಹನ್ನೊಂದು ವರ್ಷ ಇದನ್ನ ಹೊತ್ಕೊಂಡು ತಿರಗೀದೇನು?"

"ಹೌದ್ರಿ."

"ಇಳಸು. ಅದರಾಗ ಭಾಳ ನಂದದ."

ಆಮೇಲೆ ಪೆನ್ನು ಕೇಳಿದರು. ನಾನು ಸಹಿಯ ಜಾಗಕ್ಕೆ ಅವರ ಬೆರಳು ಹಿಡಿದು ತೋರಿಸಿದೆ. ನಿಧಾನವಾಗಿ, ಪೂರ್ತಿ ಹೆಸರು ಬರೆದರು. ಹೊರಡುವಾಗ, "ಶಾಂತವ್ವ ಹೆಂಗಿದ್ದಾಳ?" ಎಂದು ಕೇಳಿದರು. ಚಹಾ ಚೆನ್ನಾಗಿ ಮಾಡುತ್ತಾಳೆ ಎಂದೂ ಹೇಳಿದರು. ಮರುದಿನ ಆಪರೇಶನ್ ಆಯಿತು. ಮೂರನೆಯ ದಿನ ಬೆಳಿಗ್ಗೆ ಅವರು ತೀರಿಹೋದರು. ಡಾಕ್ಟರು ಚಿತ್ರ ಬರೆದು ಹೇಳಿದ್ದರಲ್ಲಿ ಅದೂ ಇತ್ತು.

ಅವರು ತೀರಿದ ತಿಂಗಳಲ್ಲೇ ಅಕ್ಕನ ಮುಂದೆ, ಗಲ್ಲಿಯ ಏಳು ಮನೆಗಳ ಮುಂದೆ, ನನ್ನ ಪಾಲಿನದನ್ನು ಹೇಳಿದೆ. ಅಕ್ಕ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಪೆಟ್ಟಿಗೆ ತೆರೆದು ಆ ಶೇರು ಸರ್ಟಿಫಿಕೇಟು ತಂದು, "ನೀ ಇಟ್ಕೋ, ನಿನಗ ಓದಾಕ ಬರ್ತದ," ಎಂದು ನನ್ನ ಮಡಿಲಿಗೆ ಹಾಕಿದಳು.

ದೊಡ್ಡ ಬ್ಯಾಂಕು ೨೦೦೯ರಲ್ಲಿ ಪುಣೆ ಶಾಖೆಯ ಜನರನ್ನು ಕಡಿಮೆ ಮಾಡಿದಾಗ ನಾನೂ ಹೊರಬಂದೆ. ಈಗ ಭೋಸರಿಯಲ್ಲಿ ಬೈಂಡಿಂಗ್ ಅಂಗಡಿ ಹಾಕಿದ್ದೇನೆ. ಭಾನುವಾರ ನಮ್ಮ ಕಡೆಯ ಜನ ಮನೆ ಸಾಲದ, ವಿಮೆಯ, ಗುತ್ತಿಗೆಯ ಕಾಗದ ಹಿಡಿದು ಬರುತ್ತಾರೆ. ಎದುರಿಗೆ ಕೂಡಿಸಿ, ಕೈ ಮೇಲಿಡಿ ಅನ್ನುತ್ತೇನೆ. ಗಟ್ಟಿಯಾಗಿ ಓದುತ್ತೇನೆ. ತಿಳೀತ್ರಿ ಎಂದು ಎಲ್ಲರೂ ಅನ್ನುತ್ತಾರೆ. ನಾನು ಕೈ ನೋಡುತ್ತಿರುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಎರಡು ಕೋಣೆಯ ಸ್ವಂತ ಮನೆ. ಒಂದು ಅಂಗಡಿ, ಬಾಡಿಗೆಯದು. ಒಂದು ಸ್ಕೂಟರು. ಇಬ್ಬರು ಮಕ್ಕಳು, ಇಬ್ಬರೂ ಹತ್ತನೆಯದು ದಾಟಿದವರು. ಅಕ್ಕನ ಇನ್ನೂರು ಶೇರು, ಬೆಲೆ ಇಲ್ಲದವು. ಭೋರಿನ ಕಂಪನಿಯ ಪುಸ್ತಕ ಒಂದು, ಅದರ ಹದಿನಾಲ್ಕನೆಯ ಪುಟದಲ್ಲಿ ನನ್ನದೊಂದು ವಾಕ್ಯ.